ಭಯಕ್ಕೊಂದು ವ್ಯಾಕರಣ: ಫಿಲಿಪ್ ಲಾರ್ಕಿನ್‌ನ ‘ಓಬಾಡ್’

(ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ.)

‘ಇದೊಂದು ಅಸ್ತಿತ್ವವಾದಿ ಕವಿತೆ’ ಎಂದು ಆರಂಭವಾಗುವ ಉತ್ತರಪತ್ರಿಕೆಯ ಮುಂದಿನ ಸಾಲುಗಳನ್ನು ಓದದೆಯೇ ಹೇಳಬಹುದು. (ಅಸ್ತಿತ್ವವಾದವೆಂದರೆ, ಸಿದ್ಧ ಅರ್ಥವಿಲ್ಲದ ಜಗತ್ತಿನಲ್ಲಿ ಒಬ್ಬೊಬ್ಬನ ಇರವು, ಆಯ್ಕೆ, ಸಾವುಗಳನ್ನು ಕುರಿತ ಚಿಂತನೆ.) ಎರಡನೆಯ ವಾಕ್ಯದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಸಾರ್ತ್ರ್ ಬರುತ್ತಾನೆ, ಮೂರನೆಯದರಲ್ಲಿ ಅಲ್ಲಿಯದೇ ಲೇಖಕ ಕಮೂ. ಅವರ ಹಿಂದೆಯೇ ಎರಡು ಮಹಾಯುದ್ಧಗಳು, ದೇವರ ಸಾವು, ಅನಾಥಪ್ರಜ್ಞೆ, ಪರಕೀಯತೆ ಸಾಲುಗಟ್ಟಿ ಬರುತ್ತವೆ. ಕವಿತೆಯ ಸರದಿ ಬರುವ ಹೊತ್ತಿಗೆ ಪುಟ ತುಂಬಿರುತ್ತದೆ. ಈ ಮಾತುಗಳು ತಪ್ಪೆಂದು ನಾನು ಹೇಳುತ್ತಿಲ್ಲ. ಇಪ್ಪತ್ತನೆಯ ಶತಮಾನದ ಯಾವ ಕವಿತೆಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ ಎಂಬುದೇ ಅವುಗಳ ತೊಂದರೆ. ಈ ಹೊತ್ತು ನಾವು ತಿರುವುಮುರುವಾಗಿ ಹೋಗೋಣ. ಮೊದಲು ಸಾಲು, ವಾಕ್ಯ, ಸರ್ವನಾಮ, ಪ್ರಾಸ. ತತ್ತ್ವಜ್ಞಾನಿಗಳು ಸ್ವಲ್ಪ ಹೊರಗೆ ಕಾಯಲಿ, ಬೇಕಾದಾಗ ಕರೆಯೋಣ.

ಕವಿತೆ ಫಿಲಿಪ್ ಲಾರ್ಕಿನ್‌ನ ‘ಓಬಾಡ್’. 1922ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಹುಟ್ಟಿದ ಲಾರ್ಕಿನ್ 1955ರಿಂದ, 1985ರಲ್ಲಿ ತೀರಿಕೊಳ್ಳುವ ತನಕ, ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕನಾಗಿದ್ದ. 1974ರಲ್ಲಿ ಆರಂಭಿಸಿದ ಈ ಕವಿತೆಯನ್ನು ಅವನು ಮುಗಿಸಿದ್ದು 1977ರ ನವೆಂಬರ್‌ನಲ್ಲಿ, ತಾಯಿ ತೀರಿಕೊಂಡ ಕೆಲವೇ ದಿನಗಳಲ್ಲಿ. ಅದೇ ವರ್ಷದ ಡಿಸೆಂಬರ್ 23ರಂದು ಅದು ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ನಲ್ಲಿ ಅಚ್ಚಾಯಿತು. ಕ್ರಿಸ್‌ಮಸ್‌ಗೆ ಎರಡು ದಿನವಿರುವಾಗ ಓದುಗರ ಕೈಗೆ ಇಂಥ ಕವಿತೆ! ತಾಯಿಯ ಸಾವಿನ ಸಂಗತಿ ನಿಮಗೆ ತಿಳಿದಿರಲಿ, ಆದರೆ ಅದನ್ನೇ ಕೀಲಿಕೈ ಮಾಡಿಕೊಳ್ಳಬೇಡಿ. ಕವಿತೆಯಲ್ಲಿ ತಾಯಿ ಇಲ್ಲ, ಬೇರೆ ಯಾರ ಸಾವೂ ಇಲ್ಲ, ಶೋಕವೂ ಇಲ್ಲ. ಇರುವುದು ತಾನು ಸಾಯುತ್ತೇನೆ ಎಂಬ ಒಂದೇ ಭಯ.

ನಡೆಯುವುದು ಇಷ್ಟೇ. ಹಗಲೆಲ್ಲ ದುಡಿದು ರಾತ್ರಿ ಅರೆಮತ್ತಿನಲ್ಲಿ ಮಲಗಿದವನೊಬ್ಬನಿಗೆ ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ. ಸದ್ದಿಲ್ಲದ ಕತ್ತಲನ್ನು ದಿಟ್ಟಿಸುತ್ತಾನೆ. ಪರದೆಯ ಅಂಚು ಬೆಳ್ಳಗಾಗಲು ಇನ್ನೂ ಸಮಯವಿದೆ. ಅಲ್ಲಿಯ ತನಕ ಅವನಿಗೆ ಕಾಣುವುದು, ಸದಾ ಅಲ್ಲೇ ಇದ್ದ ಸಾವು, ಈಗ ಒಂದು ದಿನ ಹತ್ತಿರ ಬಂದಿದೆ. ಐದು ನುಡಿಗಳ (ಪದ್ಯಖಂಡಗಳ) ಕೊನೆಗೆ ಬೆಳಕು ಹರಿಯುತ್ತದೆ, ಅವನು ಏಳಬೇಕು. ಬೇರೇನೂ ಸಂಭವಿಸುವುದಿಲ್ಲ.

ಶೀರ್ಷಿಕೆಯ ಬಗ್ಗೆ ಒಂದು ಮಾತು. ಓಬಾಡ್ ಎಂಬುದು ಒಂದು ಹಳೆಯ ಕಾವ್ಯಪ್ರಕಾರ. ಮಧ್ಯಯುಗದಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಕವಿಗಳಲ್ಲಿ ಬೆಳೆದದ್ದು. ರಾತ್ರಿಯೆಲ್ಲ ಜೊತೆಗಿದ್ದ ಪ್ರೇಮಿಗಳು ಬೆಳಗಾಯಿತೆಂದು ಅಗಲಬೇಕಾದಾಗ ಹಾಡುವ ಹಾಡು ಅದು. ಬೆಳಕು ಅಲ್ಲಿ ಶತ್ರು. ಹಳೆಯ ಇಂಗ್ಲಿಷ್ ಪ್ರೇಮಕವಿ ಜಾನ್ ಡನ್ ತನ್ನ ಪ್ರಸಿದ್ಧ ಕವಿತೆಯಲ್ಲಿ ಸೂರ್ಯನನ್ನೇ ಕಿಟಕಿಯಾಚೆ ನಿಲ್ಲಿಸಿ ಬೈಯುತ್ತಾನೆ. ರೋಮಿಯೋ ಹೊರಡುವ ಹೊತ್ತಿಗೆ ಜೂಲಿಯಟ್, ಕೂಗಿದ್ದು ಬೆಳಗಿನ ಹಕ್ಕಿಯಲ್ಲ, ಇರುಳಿನ ಹಕ್ಕಿ ಎಂದು ವಾದಿಸುತ್ತಾಳೆ. ಲಾರ್ಕಿನ್‌ನ ಹಾಸಿಗೆಯಲ್ಲಿ ಇರುವುದು ಒಬ್ಬನೇ. ರಾತ್ರಿ ಜೊತೆಗಿದ್ದದ್ದು ಸಾವಿನ ಅರಿವು, ಬೆಳಕು ಬಂದಾಗ ದೂರ ಸರಿಯುವುದೂ ಅದೇ. ಶೀರ್ಷಿಕೆಯಲ್ಲೇ ಒಂದು ಕಹಿ ನಗೆಯಿದೆ. ಇದನ್ನು ಗುರುತಿಸಿ ಮುಂದೆ ಹೋಗಿ. ಸಾವೇ ಅವನ ಪ್ರೇಯಸಿ ಎಂದೆಲ್ಲ ಹಿಗ್ಗಿಸಿದರೆ ಕವಿತೆ ಅದಕ್ಕೆ ಒಪ್ಪುವುದಿಲ್ಲ.

ಈಗ ಕವಿತೆಯ ಕಟ್ಟಡ. ಹತ್ತು ಸಾಲಿನ ಐದು ನುಡಿಗಳು, ಒಟ್ಟು ಐವತ್ತು ಸಾಲು. ಮೊದಲ ನಾಲ್ಕು ಸಾಲುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಅಂತ್ಯಪ್ರಾಸ, ಆಮೇಲೆ ಒಂದು ಜೋಡಿ, ಕೊನೆಯ ನಾಲ್ಕರಲ್ಲಿ ಹೊರಗಿನ ಎರಡು ಸಾಲುಗಳು ಒಳಗಿನ ಜೋಡಿಯನ್ನು ಅಪ್ಪಿಕೊಂಡಿರುತ್ತವೆ. ಲಯ ಅಯಾಂಬಿಕ್ ಪೆಂಟಾಮೀಟರ್ (ಒತ್ತಿಲ್ಲದ ಒಂದು, ಒತ್ತಿರುವ ಒಂದು ಉಚ್ಚಾರಾಂಶದ ಐದು ಜೋಡಿಗಳ ಸಾಲು), ಅಂದರೆ ಇಂಗ್ಲಿಷ್ ಕಾವ್ಯದ ರಾಜಮಾರ್ಗ. ಕಂಗೆಟ್ಟ ಮನಸ್ಸು ಇಷ್ಟು ಅಚ್ಚುಕಟ್ಟಾಗಿ ಮಾತಾಡುತ್ತದೆಯೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಭಯವನ್ನು ಚೀರಾಟವಾಗಿಸದೆ ವಾದವಾಗಿಸುವುದು ಈ ಕವಿತೆಯ ಪಟ್ಟು, ಆ ಪಟ್ಟಿಗೆ ಈ ಛಂದಸ್ಸು ಬೇಕು.

ಆದರೆ ಪ್ರತಿ ನುಡಿಯ ಒಂಬತ್ತನೆಯ ಸಾಲು ಮಾತ್ರ ಮೊಟಕು. ಸುತ್ತಲಿನ ಸಾಲುಗಳಿಗಿಂತ ಎದ್ದು ಕಾಣುವಷ್ಟು ಗಿಡ್ಡ. ಪುಟವನ್ನು ಸ್ವಲ್ಪ ದೂರ ಹಿಡಿದರೆ ಬಲಗಡೆಯಲ್ಲಿ ಐದು ಕಡೆ ಕಚ್ಚು ಬಿದ್ದಂತೆ ಕಾಣುತ್ತದೆ. ಆ ಐದು ಸಾಲುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲನೆಯದು ಸಾಯುವುದರ, ಸತ್ತಿರುವುದರ ಬಗ್ಗೆ. ಎರಡನೆಯದು ಎಲ್ಲಿಯೂ ಇಲ್ಲದಿರುವುದರ ಬಗ್ಗೆ. ಮೂರನೆಯದು ಪ್ರೀತಿಸಲು, ಬೆಸೆದುಕೊಳ್ಳಲು ಏನೂ ಉಳಿಯದಿರುವುದರ ಬಗ್ಗೆ. ನಾಲ್ಕನೆಯದು, ಗೋರಿಯಿಂದ ಯಾರಿಗೂ ವಿನಾಯಿತಿ ಇಲ್ಲ ಎನ್ನುತ್ತದೆ. ಐದನೆಯದು, ಕೆಲಸ ಆಗಬೇಕು ಎನ್ನುತ್ತದೆ.

ನಾಲ್ಕು ಸಲ ಸಾವು ಕೂತ ಜಾಗದಲ್ಲಿ ಐದನೆಯ ಸಲ ಕೆಲಸ ಬಂದು ಕೂರುತ್ತದೆ. ನಾಲ್ಕು ನುಡಿಗಳಲ್ಲಿ ನಮ್ಮ ಕಿವಿ ಒಂದು ಪಾಠ ಕಲಿತಿದೆ: ಸಾಲು ಮೊಟಕಾದರೆ ಸಾವಿನ ಮಾತು ಬಂತು ಎಂದೇ ಅರ್ಥ. ಹಾಗೆ ಕಲಿತ ಕಿವಿಗೆ ‘ಕೆಲಸ ಆಗಬೇಕು’ ಎಂಬುದು ಬರೀ ಕೆಲಸದ ಮಾತಾಗಿ ಕೇಳಿಸಲಾರದು. ಇದು ಬಿಡುಗಡೆಯೋ, ಇಲ್ಲ ಸಾವಿನದೇ ಇನ್ನೊಂದು ವೇಷವೋ? ಛಂದಸ್ಸು ಪ್ರಶ್ನೆಯನ್ನು ಎತ್ತಿ ಸುಮ್ಮನಾಗುತ್ತದೆ. ಪ್ರಾಸದ ವಿನ್ಯಾಸವನ್ನು ಅಕ್ಷರಗಳಲ್ಲಿ ಬರೆದು ಅಂಕ ಗಿಟ್ಟಿಸುವುದು ಸುಲಭ. ಆ ವಿನ್ಯಾಸ ಎಲ್ಲಿ, ಯಾಕೆ ಕೆಲಸಕ್ಕೆ ಬರುತ್ತದೆ ಎಂದು ತೋರಿಸಿದಾಗಲೇ ಅದು ವಿಮರ್ಶೆ.

ನನ್ನ ಮುಖ್ಯ ಮಾತು ಸರ್ವನಾಮಗಳದ್ದು. ‘ನಾನು’ ಎಂಬ ಪದ ಈ ಕವಿತೆಯಲ್ಲಿ ಎಷ್ಟು ಸಲ ಬರುತ್ತದೆ, ಎಣಿಸಿ. ದುಡಿಯುತ್ತೇನೆ, ದಿಟ್ಟಿಸುತ್ತೇನೆ, ಕಾಣುತ್ತೇನೆ, ಸಾಯುತ್ತೇನೆ: ನಾಲ್ಕೇ ಸಲ. ನಾಲ್ಕೂ ಮೊದಲ ನುಡಿಯಲ್ಲಿ, ಅದರ ಮೊದಲ ಏಳು ಸಾಲುಗಳಲ್ಲಿ. ಕೊನೆಯ ಕ್ರಿಯಾಪದ ‘ಸಾಯು’. ಅದಾದ ಮೇಲೆ ಉಳಿದ ನಲವತ್ತಮೂರು ಸಾಲುಗಳಲ್ಲಿ ‘ನಾನು’ ಮತ್ತೆ ತಲೆ ಹಾಕುವುದಿಲ್ಲ. ಎರಡನೆಯ ನುಡಿಯಿಂದ ‘ನಾವು’ ಬರುತ್ತದೆ: ನಾವು ಸಾಗುತ್ತಿರುವ ಖಚಿತ ವಿನಾಶ, ನಾವು ಹೆದರುವುದು ಇದಕ್ಕೇ, ನಾವು ಜೊತೆಗಾರರಿಲ್ಲದೆ, ಕುಡಿತವೂ ಇಲ್ಲದೆ ಸಿಕ್ಕಿಬಿದ್ದಾಗ. ಕೊನೆಯ ನುಡಿಯ ಮೊದಲರ್ಧದ ತನಕ ಈ ‘ನಾವು’ ಇರುತ್ತದೆ. ಆಮೇಲೆ ಅದೂ ಇಲ್ಲ. ಕೊನೆಯ ಆರು ಸಾಲುಗಳಲ್ಲಿ ಟೆಲಿಫೋನುಗಳಿವೆ, ಕಚೇರಿಗಳಿವೆ, ಆಕಾಶವಿದೆ, ಅಂಚೆಯವರಿದ್ದಾರೆ. ನಾನೂ ಇಲ್ಲ, ನಾವೂ ಇಲ್ಲ. ‘ಕೆಲಸ ಆಗಬೇಕು’ ಎಂಬ ವಾಕ್ಯವಂತೂ ಇಂಗ್ಲಿಷ್ ಮೂಲದಲ್ಲಿ ಕರ್ಮಣಿ ಪ್ರಯೋಗ, ಮಾಡುವವನೇ ಅದರಲ್ಲಿಲ್ಲ.

ನಾನು, ನಾವು, ಯಾರೂ ಇಲ್ಲ. ಇಲ್ಲವಾಗುವುದರ ಬಗ್ಗೆ ಐವತ್ತು ಸಾಲು ವಾದ ಮಾಡುವ ಕವಿತೆ ತನ್ನ ವ್ಯಾಕರಣದಲ್ಲಿ ಸದ್ದಿಲ್ಲದೆ ಇಲ್ಲವಾಗುತ್ತಾ ಹೋಗುತ್ತದೆ. ‘ಅಸ್ತಿತ್ವವಾದಿ’ ಎಂಬ ವಿಶೇಷಣಕ್ಕೆ ಆಧಾರ ಬೇಕಿದ್ದರೆ ಇಲ್ಲಿದೆ.

ಹೊರಗೆ ನಿಲ್ಲಿಸಿದ್ದವರಲ್ಲಿ ಒಬ್ಬನನ್ನು ಈಗ ಕರೆಯಬಹುದು. 1927ರ ತನ್ನ ಮಹಾಗ್ರಂಥದಲ್ಲಿ ಜರ್ಮನಿಯ ತತ್ತ್ವಜ್ಞಾನಿ ಹೈಡೆಗರ್ ಹೇಳುವ ಪ್ರಕಾರ, ದಿನನಿತ್ಯದ ಮಾತಿನಲ್ಲಿ ಸಾವು ಯಾವಾಗಲೂ ಬೇರೆಯವರದ್ದು. ‘ಎಲ್ಲರೂ ಒಂದು ದಿನ ಸಾಯುತ್ತಾರೆ’ ಎಂದುಬಿಟ್ಟರೆ ನಾನು ಆ ‘ಎಲ್ಲರ’ ಹಿಂದೆ ಅಡಗಿಕೊಳ್ಳಬಹುದು. ಈ ಮಾತಿಗೆ ಅವನು ಅಡಿಟಿಪ್ಪಣಿಯಲ್ಲಿ ನೆನೆಯುವುದು ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ ಕತೆಯನ್ನು. ಮನುಷ್ಯರೆಲ್ಲ ಸಾಯುತ್ತಾರೆಂಬ ತರ್ಕದ ಪಾಠ ಬೇರೆ ಯಾರಿಗೋ ಸರಿ, ತನಗೆ ಹೇಗೆ ಅನ್ವಯಿಸೀತು ಎಂದು ಕಂಗಾಲಾಗುವ ಅಧಿಕಾರಿಯ ಕತೆ ಅದು. ಹೈಡೆಗರ್‌ನಿಗೆ ಬೇಕಾದ ದಾರಿ ‘ಎಲ್ಲರೂ’ ಎಂಬುದರಿಂದ ‘ನಾನು’ ಎಂಬುದರ ಕಡೆಗೆ. ಲಾರ್ಕಿನ್ ‘ನಾನು’ ಎಂದು ಆರಂಭಿಸಿ ‘ನಾವು’ ಕಡೆಗೆ ನಡೆಯುತ್ತಾನೆ. ಹಾಗಾದರೆ ಇದು ಹೈಡೆಗರ್ ಬೈಯುವ ಪಲಾಯನವೇ? ಅಲ್ಲ ಎನ್ನುತ್ತೇನೆ. ಪಲಾಯನದ ‘ನಾವು’ ಭಯವನ್ನು ಹಂಚಿ ತೆಳುವಾಗಿಸುತ್ತದೆ. ಇಲ್ಲಿ ಮೊದಲ ನುಡಿಯಲ್ಲಿ ಒಬ್ಬನ ಕೋಣೆಯಲ್ಲಿದ್ದ ಭಯ ಎರಡನೆಯ ನುಡಿಯ ಹೊತ್ತಿಗೆ ಓದುಗನ ಕೋಣೆಗೂ ಬಂದಿರುತ್ತದೆ, ಒಂದಿಷ್ಟೂ ತೆಳುವಾಗದೆ.

ಎರಡನೆಯ ನುಡಿ ಮಾಡುವ ಇನ್ನೊಂದು ಕೆಲಸವನ್ನು ಬಿಡಬೇಡಿ. ಮಾಡದೆ ಬಿಟ್ಟ ಒಳಿತು, ಕೊಡದೆ ಉಳಿದ ಪ್ರೀತಿ, ವ್ಯರ್ಥವಾದ ಕಾಲ, ಇವುಗಳ ಪಶ್ಚಾತ್ತಾಪದಿಂದ ಮನಸ್ಸು ಮರಗಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪಶ್ಚಾತ್ತಾಪಕ್ಕೆ ಒಂದು ಅರ್ಥವಿರುತ್ತದೆ, ಬೇರೆ ರೀತಿ ಬದುಕಬಹುದಿತ್ತು ಎಂಬ ಆಸೆಯಿರುತ್ತದೆ. ಈ ಭಯಕ್ಕೆ ಆ ಆಸರೆಯೂ ಇಲ್ಲ. ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ಡ್ 1844ರಲ್ಲೇ ಅಂಜಿಕೆಗೂ ತಳಮಳಕ್ಕೂ ಗೆರೆ ಎಳೆದಿದ್ದ: ಅಂಜಿಕೆಗೆ ಒಂದು ವಸ್ತುವಿದೆ, ತಳಮಳಕ್ಕೆ ಇಲ್ಲ. ಲಾರ್ಕಿನ್‌ನ ಮನುಷ್ಯ ಹೆದರುವುದು ಆ ‘ಏನೂ ಇಲ್ಲ’ ಎಂಬುದಕ್ಕೇ.

ಮೂರನೆಯ ನುಡಿಯಲ್ಲಿ ಸಮಾಧಾನಗಳ ವಿಚಾರಣೆ. ಕಟಕಟೆಗೆ ಮೊದಲು ಬರುವುದು ಧರ್ಮ. ವಿಶಾಲವಾದ, ನುಸಿ ತಿಂದ, ಸಂಗೀತಮಯವಾದ ಜರತಾರಿ ವಸ್ತ್ರ, ನಾವು ಸಾಯುವುದಿಲ್ಲ ಎಂದು ನಟಿಸಲು ನೇಯ್ದದ್ದು. ಇದನ್ನು ಬರೀ ತಿರಸ್ಕಾರವೆಂದು ಓದುವವರಿದ್ದಾರೆ. ವಿಶೇಷಣಗಳನ್ನು ನೋಡಿ. ನುಸಿ ತಿಂದಿದೆ, ನಿಜ. ಆದರೆ ವಿಶಾಲವಾಗಿದೆ, ಸಂಗೀತವಿದೆ, ಜರಿಯ ಹೊಳಪಿದೆ. ಇದೇ ಕವಿ ಖಾಲಿ ಚರ್ಚೊಂದರೊಳಗೆ ಹೋಗಿ ಸೈಕಲ್ ಕ್ಲಿಪ್ಪುಗಳನ್ನು ಕಳಚಿ ಮುಜುಗರದಿಂದಲೇ ಗೌರವ ತೋರುವವನ ಕವಿತೆಯನ್ನೂ ಬರೆದಿದ್ದಾನೆ. ಧರ್ಮ ‘ಹಿಂದೆ ಪ್ರಯತ್ನಿಸುತ್ತಿತ್ತು’ ಎನ್ನುವ ಭೂತಕಾಲದಲ್ಲಿ ಪಾಪ, ಅದರ ಕೈಲಾದದ್ದು ಮಾಡಿತು ಎಂಬ ದನಿಯೂ ಇದೆ.

ನಿಜವಾದ ಸಿಟ್ಟು ಎರಡನೆಯ ಸಾಕ್ಷಿಯ ಮೇಲೆ. ತಾನು ಅನುಭವಿಸಲಾರದ ಸಂಗತಿಗೆ ವಿವೇಕಿಯಾದ ಯಾವ ಜೀವಿಯೂ ಹೆದರಲಾರದು ಎಂಬ ವಾದ ಅದು. ಕವಿತೆಯಲ್ಲಿ ಆ ಮಾತು ಓರೆ ಅಕ್ಷರಗಳಲ್ಲಿದೆ, ಬೇರೆ ಯಾರದೋ ಬಾಯಿಯಿಂದ ಬಂದದ್ದೆಂಬಂತೆ. ಕವಿತೆ ಹೆಸರು ಹೇಳದಿದ್ದರೂ ವಾದ ಎಪಿಕ್ಯುರಸ್‌ನದ್ದೆಂದು ಗುರುತಿಸುವುದು ಕಷ್ಟವಲ್ಲ. ಕ್ರಿ.ಪೂ. 270ರಲ್ಲಿ ತೀರಿಕೊಂಡ ಆ ಗ್ರೀಕ್ ಚಿಂತಕ, ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಆದ್ದರಿಂದ ಹೆದರುವುದೇಕೆ ಎಂದಿದ್ದ. ರೋಮ್‌ನ ಲುಕ್ರೀಶಿಯಸ್ ಅದನ್ನೇ ಕಾವ್ಯವಾಗಿಸಿದ: ಹುಟ್ಟುವ ಮೊದಲಿನ ಅನಂತ ಕಾಲಕ್ಕೆ ಅಳದವರು ಸತ್ತ ಮೇಲಿನ ಅನಂತ ಕಾಲಕ್ಕೇಕೆ ಅಳಬೇಕು?

ಲಾರ್ಕಿನ್ ಕೊಡುವ ಉತ್ತರ ಒಂದೇ: ಅನುಭವಿಸಲಾರೆವು ಎಂಬುದೇ ನಮ್ಮ ಭಯ. ಇದು ತತ್ತ್ವಶಾಸ್ತ್ರದ ಖಂಡನೆಯೇ? ತರಗತಿಯಲ್ಲಿ ಈ ಪ್ರಶ್ನೆ ಬಂದರೆ ಅಲ್ಲವೆಂದು ಧೈರ್ಯವಾಗಿ ಹೇಳಿ. ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗಲ್ 1970ರಲ್ಲಿ ಬರೆದ ಪ್ರಬಂಧದಲ್ಲಿ, ಸಾವು ಕೆಟ್ಟದ್ದಾಗುವುದು ಅದು ಕೊಡುವ ನೋವಿನಿಂದಲ್ಲ, ಅದು ಕಿತ್ತುಕೊಳ್ಳುವ ಬದುಕಿನಿಂದ ಎಂದು ಹೆಜ್ಜೆ ಹೆಜ್ಜೆಯಾಗಿ ವಾದಿಸುತ್ತಾನೆ. ಲಾರ್ಕಿನ್ ಹೆಜ್ಜೆ ಇಡುವುದಿಲ್ಲ, ಪಟ್ಟಿ ಮಾಡುತ್ತಾನೆ. ನೋಟವಿಲ್ಲ, ಶಬ್ದವಿಲ್ಲ, ಸ್ಪರ್ಶವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಒಂದೊಂದನ್ನು ಅಳಿಸುವಾಗಲೂ ಅದರ ಹೆಸರು ಹೇಳಬೇಕು, ಹೆಸರು ಹೇಳಿದಾಗ ಓದುಗನಲ್ಲಿ ಅದು ಒಂದು ಕ್ಷಣ ಎಚ್ಚರಗೊಳ್ಳುತ್ತದೆ. ಪಂಚೇಂದ್ರಿಯಗಳಾದ ಮೇಲೆ ಪಟ್ಟಿ ನಿಲ್ಲುವುದಿಲ್ಲ. ಆಲೋಚಿಸಲು ಏನೂ ಇಲ್ಲ, ಪ್ರೀತಿಸಲು, ಬೆಸೆದುಕೊಳ್ಳಲು ಏನೂ ಇಲ್ಲ. ‘ಥಿಂಕ್ ವಿತ್’, ‘ಲಿಂಕ್ ವಿತ್’ ಎಂಬ ಈ ಜೋಡಿಪ್ರಾಸ ಮಕ್ಕಳ ಪದ್ಯದಂತೆ ಕುಣಿಯುತ್ತದೆ. ಇಷ್ಟು ಘೋರವಾದ ಮಾತಿಗೆ ಇಷ್ಟು ಹಗುರವಾದ ಪ್ರಾಸ ಯಾಕೆಂದು ಯೋಚಿಸಿ. ಮರುಸಾಲಿನಲ್ಲೇ ಯಾರೂ ಎಚ್ಚರಗೊಳ್ಳದ ಅರಿವಳಿಕೆಯ ರೂಪಕ ಬಂದು ಆ ಕುಣಿತವನ್ನು ನಿಲ್ಲಿಸುತ್ತದೆ. ಆಧುನಿಕ ಇಂಗ್ಲಿಷ್ ಕಾವ್ಯ ಓದಿದವರಿಗೆ ಇಲ್ಲಿ 1915ರ ಎಲಿಯಟ್ ನೆನಪಾಗಬೇಕು. ಅವನ ಕವಿತೆಯ ನಾಯಕ ಪ್ರೂಫ್ರಾಕ್‌ನ ಸಂಜೆ ಮೇಜಿನ ಮೇಲೆ ಈಥರ್ ಕೊಟ್ಟು ಮಲಗಿಸಿದ ರೋಗಿಯಂತೆ ಹರಡಿಕೊಂಡಿತ್ತು. ಆ ರೋಗಿ ಏಳಬಹುದು ಎಂಬ ಸಾಧ್ಯತೆಯಾದರೂ ಅಲ್ಲಿತ್ತು.

ನಾಲ್ಕನೆಯ ನುಡಿ ಸ್ವಲ್ಪ ಸಡಿಲವೆಂದು ನನ್ನ ಅನಿಸಿಕೆ. ಕುಲುಮೆಯಂಥ ಭಯ ಎಂಬ ರೂಪಕ ಲಾರ್ಕಿನ್‌ನ ಉತ್ತಮ ರೂಪಕಗಳ ಸಾಲಿಗೆ ಸೇರುವುದಿಲ್ಲ. ಆದರೆ ಅದರ ನಡುವೆ, ಬಹುಪಾಲು ಸಂಗತಿಗಳು ಎಂದೂ ಸಂಭವಿಸದಿರಬಹುದು, ಇದೊಂದು ಸಂಭವಿಸುತ್ತದೆ ಎಂಬ ಸಾಲಿದೆ. ಮೊದಲರ್ಧದಲ್ಲಿ ಸಂಭಾವ್ಯತೆ, ದ್ವಿತೀಯಾರ್ಧದಲ್ಲಿ ಖಚಿತತೆ, ನಡುವೆ ಒಂದು ವಿವರಣ ಚಿಹ್ನೆ. ಧೈರ್ಯದ ವಿಚಾರಣೆಯೂ ಇದೇ ನುಡಿಯಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೊನೆಯ ನುಡಿಯಲ್ಲಿ ಬೆಳಕು ನಿಧಾನವಾಗಿ ಬಲಗೊಂಡು ಕೋಣೆ ಆಕಾರ ಪಡೆಯುತ್ತದೆ. ಆಗ ಬರುವ ಉಪಮೆ ವರ್ಡ್‌ರೋಬಿನದು. ನಮಗೆ ತಿಳಿದಿರುವ ಸತ್ಯ ಬಟ್ಟೆಯ ಬೀರುವಿನಷ್ಟು ಸ್ಪಷ್ಟವಾಗಿ ಎದುರಿಗೆ ನಿಂತಿದೆ. ಸಾವಿಗೆ ಬೇರೊಬ್ಬ ಕವಿ ಕುದುರೆ ಸವಾರನನ್ನೋ ನೆರಳನ್ನೋ ತರುತ್ತಿದ್ದ. ಇವನು ಮಲಗುವ ಕೋಣೆಯ ಪೀಠೋಪಕರಣ ತರುತ್ತಾನೆ. ಅದು ರಾತ್ರಿಯೆಲ್ಲ ಅಲ್ಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ದೊಡ್ಡದು, ಕದಲಿಸಲಾಗದ್ದು, ದಿನವೂ ಅದರ ಬಾಗಿಲು ತೆರೆದು ಅಂಗಿ ತೆಗೆದುಕೊಳ್ಳಲೇಬೇಕಾದದ್ದು. ಸತ್ಯದಿಂದ ತಪ್ಪಿಸಿಕೊಳ್ಳಲಾರೆವು, ಒಪ್ಪಿಕೊಳ್ಳಲೂ ಆರೆವು. ಎರಡರಲ್ಲಿ ಒಂದು ಕಡೆಯವರು ಜಾಗ ಬಿಡಬೇಕಾಗುತ್ತದೆ ಎಂದು ಕವಿತೆ ಒಣ ಧಾಟಿಯಲ್ಲಿ ಹೇಳುತ್ತದೆ. ಯಾವ ಕಡೆಯವರೆಂದು ಹೇಳುವ ಅಗತ್ಯವಿಲ್ಲ. ಇದು ಕವಿತೆಯ ಅತ್ಯಂತ ಕ್ರೂರ ಹಾಸ್ಯ, ಇಲ್ಲಿ ನಗು ಬರದಿದ್ದರೆ ಮತ್ತೊಮ್ಮೆ ಓದಿ.

ಅಲ್ಲಿಂದ ಕವಿತೆ ಕೋಣೆಯಿಂದ ಹೊರಗೆ ಹೋಗುತ್ತದೆ. ಬೀಗ ಹಾಕಿದ ಕಚೇರಿಗಳಲ್ಲಿ ಟೆಲಿಫೋನುಗಳು ಮೈಮುದುಡಿ ಹೊಂಚುತ್ತಿವೆ, ರಿಂಗಣಿಸಲು ಸಿದ್ಧವಾಗುತ್ತಿವೆ. ಜಗತ್ತು ಜಟಿಲವಾದದ್ದು, ಕಾಳಜಿಯಿಲ್ಲದ್ದು, ಬಾಡಿಗೆಯದ್ದು. ಆಕಾಶ ಜೇಡಿಮಣ್ಣಿನಂತೆ ಬೆಳ್ಳಗಿದೆ, ಸೂರ್ಯನಿಲ್ಲ. ಆ ಮಣ್ಣು ಗೋರಿಯ ಮಣ್ಣೂ ಹೌದು. ಅಂಚೆಯವರು ವೈದ್ಯರಂತೆ ಮನೆಯಿಂದ ಮನೆಗೆ ಹೋಗುತ್ತಿದ್ದಾರೆ.

ಈ ಕೊನೆಯ ಸಾಲಿನ ಬಗ್ಗೆ ಎರಡು ಓದುಗಳಿವೆ. ಅಂಚೆಯವರು ವೈದ್ಯರಂತೆ ಮನೆಗಳಿಗೆ ಮದ್ದು ತರುತ್ತಾರೆ, ಮನುಷ್ಯರ ನಡುವಿನ ಸಂಪರ್ಕವೇ ಆ ಮದ್ದು ಎಂಬುದು ಒಂದು. ವೈದ್ಯ ಮನೆಗೆ ಬರುವುದು ಕಾಯಿಲೆಯಿದ್ದಾಗ, ಮನೆಯಿಂದ ಮನೆಗೆ ಹೋಗುತ್ತಿದ್ದಾನೆಂದರೆ ಎಲ್ಲ ಮನೆಗಳಲ್ಲೂ ಕಾಯಿಲೆಯಿದೆ ಎಂಬುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಹತ್ತಿರ. ಆದರೆ ಉಪಮೆಯನ್ನು ತಿರುಗಿಸಿದ ದಿಕ್ಕನ್ನು ಗಮನಿಸಿ: ಕವಿ ವೈದ್ಯರನ್ನು ಅಂಚೆಯವರಿಗೆ ಹೋಲಿಸಲಿಲ್ಲ. ನಡೆಯುತ್ತಿರುವುದು ಕಾಗದ ಹಂಚುವ ಮಾಮೂಲಿ ಕೆಲಸ, ಚಿಕಿತ್ಸೆ ಅದರ ಮೇಲೆ ಬಿದ್ದ ಛಾಯೆ ಮಾತ್ರ.

ಇನ್ನು ‘ಅಸ್ತಿತ್ವವಾದಿ’ ಎಂಬ ಹಣೆಪಟ್ಟಿಯ ಪ್ರಶ್ನೆ. 1942ರ ತನ್ನ ಪ್ರಬಂಧದಲ್ಲಿ ಕಮೂ ದಿನಚರಿಯನ್ನು ಪಟ್ಟಿ ಮಾಡುತ್ತಾನೆ: ಏಳುವುದು, ಟ್ರಾಮ್, ಕಚೇರಿ, ಊಟ, ಮತ್ತೆ ಟ್ರಾಮ್, ಸೋಮವಾರ, ಮಂಗಳವಾರ. ಒಂದು ದಿನ ‘ಯಾಕೆ’ ಎಂಬ ಪ್ರಶ್ನೆ ಎದ್ದು ಇದೆಲ್ಲ ಕುಸಿಯುತ್ತದೆ, ಅಲ್ಲಿಂದ ಅರಿವು ಆರಂಭ. ಲಾರ್ಕಿನ್‌ನಲ್ಲಿ ಚಲನೆ ಇದಕ್ಕೆ ವಿರುದ್ಧ. ‘ಯಾಕೆ’ ಮೊದಲೇ ಎದ್ದಿದೆ, ಏಳು ಗಂಟೆಗೋ ಎಂಟು ಗಂಟೆಗೋ ದಿನಚರಿ ಅದನ್ನು ನುಂಗಿಹಾಕುತ್ತದೆ. ಬಂಡಾಯವಿಲ್ಲ, ಆಯ್ಕೆಯಿಲ್ಲ, ಗ್ರೀಕ್ ಪುರಾಣದ ಸಿಸಿಫಸ್‌ನಂತೆ ಬಂಡೆಯನ್ನು ಮತ್ತೆ ಮತ್ತೆ ಮೇಲಕ್ಕುರುಳಿಸುವವನು ಸುಖಿಯೆಂದು ಕಲ್ಪಿಸಿಕೊಳ್ಳುವ ಕಮೂನ ಮಾತಂತೂ ದೂರ. ಸಾವನ್ನು ಎದುರಿಸಿದವನು ನಿಜವಾದ ‘ನಾನು’ ಆಗುತ್ತಾನೆ ಎಂಬ ಹೈಡೆಗರ್‌ನ ಭರವಸೆಯೂ ಇಲ್ಲಿ ಫಲಿಸುವುದಿಲ್ಲ. ಆ ‘ನಾನು’ ಏಳನೆಯ ಸಾಲಿಗೇ ಮಾಯವಾಗಿತ್ತು. ಸಾವು ನನ್ನ ಸಾಧ್ಯತೆಯಲ್ಲ, ನನ್ನ ಎಲ್ಲ ಸಾಧ್ಯತೆಗಳನ್ನು ಹೊರಗಿನಿಂದ ಬಂದು ಅಳಿಸುವಂಥದ್ದು ಎಂದು 1943ರಲ್ಲಿ ಹೈಡೆಗರ್‌ನನ್ನು ತಿದ್ದಿದ ಸಾರ್ತ್ರ್, ಈ ಒಂದು ವಿಷಯದಲ್ಲಿ ಲಾರ್ಕಿನ್‌ಗೆ ಹತ್ತಿರದವನು. ಉತ್ತರ ಬರೆಯುವಾಗ ಅಸ್ತಿತ್ವವಾದದ ಪ್ರಶ್ನೆಗಳು ಕವಿತೆಯಲ್ಲಿವೆ, ಅದರ ಪರಿಹಾರಗಳು ಇಲ್ಲ ಎಂದು ಬರೆದು ಇಷ್ಟನ್ನು ಸಾಲುಗಳ ಮೂಲಕ ತೋರಿಸಿದರೆ ಸಾಕು.

ಕವಿತೆಗೆ ಕಟು ಟೀಕೆಯೂ ಬಂದಿದೆ. ಪೋಲೆಂಡಿನ ಕವಿ ಚೆಸ್ಲಾವ್ ಮಿಲೋಷ್‌ಗೆ ಇದನ್ನು ಓದಿ ಅತೃಪ್ತಿಯಷ್ಟೇ ಅಲ್ಲ, ರೋಷವೇ ಬಂತು. ಕಾವ್ಯ ಯಾವತ್ತೂ ಬದುಕಿನ ಪಕ್ಷದಲ್ಲಿರುವಂಥದ್ದು ಎಂಬುದು ಅವನ ನಿಲುವು. ಐರಿಶ್ ಕವಿ ಶೇಮಸ್ ಹೀನಿ ತನ್ನ ಉಪನ್ಯಾಸವೊಂದರಲ್ಲಿ ಲಾರ್ಕಿನ್‌ನನ್ನು ತನ್ನ ನಾಡಿನ ಹಿಂದಿನ ಕವಿ ಯೇಟ್ಸ್ ಪಕ್ಕದಲ್ಲಿಟ್ಟು ತೂಗಿದ. ಪ್ರಾಸ ಕೂಡಿ ಬಂದಾಗ, ಛಂದಸ್ಸು ಪ್ರಜ್ಞೆಯನ್ನು ಹೊಸ ಭಂಗಿಗೆ ತಂದಾಗ, ಕವಿತೆ ಆಗಲೇ ಬದುಕಿನ ಪಕ್ಷ ವಹಿಸಿರುತ್ತದೆ ಎಂದು ಒಪ್ಪಿಕೊಂಡ. ಆದರೂ ಈ ಕವಿತೆ ಚೈತನ್ಯದ ದೊಡ್ಡ ಕೆಲಸದಿಂದ ಹಿಂದೆ ಸರಿಯಿತು ಎಂದೇ ತೀರ್ಪು ಕೊಟ್ಟ.

ನನಗೆ ಈ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಕಾರಣ ನಾಲ್ಕನೆಯ ನುಡಿಯಲ್ಲಿದೆ. ಧೈರ್ಯದಿಂದ ಪ್ರಯೋಜನವಿಲ್ಲ, ಧೈರ್ಯವೆಂದರೆ ಇತರರನ್ನು ಹೆದರಿಸದಿರುವುದು ಅಷ್ಟೇ ಎಂದು ಕವಿತೆ ಆ ಗುಣವನ್ನು ತಳ್ಳಿಹಾಕುತ್ತದೆ. ತಳ್ಳಿಹಾಕುವ ರಭಸದಲ್ಲಿ ಅದು ಆಡಿದ ಮಾತನ್ನು ನೋಡಿ. ಇಡೀ ಕವಿತೆಯಲ್ಲಿ ಇತರರಿಗೆ ಏನನ್ನಿಸೀತು ಎಂದು ಯೋಚಿಸಿರುವುದು ಅಲ್ಲೊಂದೇ ಕಡೆ. ಮಿಲೋಷ್ ಮತ್ತು ಹೀನಿ ಇಬ್ಬರೂ ಕೇಳುವುದು ಕವಿ ನಮ್ಮೆದುರು ಧೈರ್ಯ ತೋರಬೇಕಿತ್ತು ಎಂದು. ಕವಿತೆಯದೇ ವ್ಯಾಖ್ಯೆಯ ಪ್ರಕಾರ ಧೈರ್ಯ ತೋರುವುದೆಂದರೆ ನಮ್ಮನ್ನು ಹೆದರಿಸದೆ ಸುಮ್ಮನಿರುವುದು, ಅಂದರೆ ಈ ಐವತ್ತು ಸಾಲುಗಳನ್ನು ಬರೆಯದಿರುವುದು.